ಹುಕುಮು ಹೊರಟ ಊರು: ಲಂಡನ್ನಿನಲ್ಲಿ ಒಂದು ಹಗಲಿನ ಕಾಲ್ನಡಿಗೆ

ಹಲಗಲಿಯ ಬೇಡರ ಮೇಲೆ ಕಟ್ಟಿದ ಲಾವಣಿಯ ಹೆಸರು ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಆ ಹಾಡಿನ ಆರಂಭದಲ್ಲಿಯೇ ಒಂದು ಸಂಗತಿಯು ಬರುತ್ತದೆ: ಹತ್ಯಾರುಗಳನ್ನು ಕಸಿದುಕೊಳ್ಳಬೇಕೆಂದು ಕುಂಪಣಿ ಸರಕಾರವು ವಿಲಾಯತಿಯಿಂದ ಹುಕುಮು ಕಳುಹಿಸಿತೆಂಬದೇ ಆ ಸಂಗತಿ. ಹಾಡು ಕಟ್ಟಿದವನು ವಿಲಾಯತಿಯನ್ನು ಕಣ್ಣಾರೆ ಕಂಡಿರುವ ಸಂಭವವಿಲ್ಲ. ಹಾಡು ಕೇಳಿದವರಲ್ಲಿಯೂ ಕಂಡವರಿರಲಾರರು. ಆದರೂ ತಮ್ಮ ಊರನ್ನು ಸುಟ್ಟ ಬೆಂಕಿಯ ಕಿಡಿಯು ಎಲ್ಲಿಂದ ಹಾರಿತೆಂಬದರ ಬಗ್ಗೆ ಅವರಿಗೆ ಸಂಶಯವಿರಲಿಲ್ಲ.

ಈಗ ಈ ಸೀಮೆಯ ಮನೆಗಳಿಂದ ಲಂಡನ್ನಿಗೆ ಹೋಗಿ ಬರುವವರು ಹಲವರಿದ್ದಾರೆ. ಕೆಲವರು ವಿದ್ಯಾಭ್ಯಾಸಕ್ಕಾಗಿ ಹೋಗುತ್ತಾರೆ, ಕೆಲವರು ಉದ್ಯೋಗಕ್ಕಾಗಿ, ಕೆಲವರು ಮಕ್ಕಳ ಮನೆಗೆ. ಹೋದವರು ಗಡಿಯಾರದ ಗೋಪುರವನ್ನೂ ಅರಮನೆಯನ್ನೂ ನೋಡಿ, ಛಾಯಾಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗುವದು ಸಹಜವೇ. ಆದರೆ ಅದೇ ಪಟ್ಟಣದಲ್ಲಿ ಸುಮಾರು ಐದು ಕಿಲೋಮೀಟರುಗಳ ಒಂದು ಹಾದಿಯುಂಟು. ಬೆಳಿಗ್ಗೆ ಹೊರಟು, ನಿಂತು ನಿಂತು ನೋಡುತ್ತ ನಡೆದರೆ ಸಂಜೆಗೆ ಮುಗಿಯುವ ಈ ಹಾದಿಯಲ್ಲಿ ಕೃಷ್ಣಾ-ಘಟಪ್ರಭೆಗಳ ನಡುವಿನ ಈ ನೆಲದ ಚರಿತ್ರೆಯು ಮೇಲಿಂದ ಮೇಲೆ ಎದುರಾಗುವದು. ಲಾವಣಿಕಾರನು ಹೆಸರಿಸಿದ ಹುಕುಮಿನ ಜಾಡನ್ನು ಹಿಡಿದು ಆ ಹಾದಿಯನ್ನು ನಡೆಯುವದು ಯೋಗ್ಯವಾದ ಕೆಲಸ.

ಹಾದಿಯು ಥೇಮ್ಸ್ ನದಿಯ ಬಲದಂಡೆಯಲ್ಲಿ ಮೊದಲಾಗುತ್ತದೆ. ಲ್ಯಾಂಬೆತ್ ಎಂಬ ಭಾಗದಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಕಲ್ಲಿನ ಕಟ್ಟೆಯಿದೆ. ಅದನ್ನು ಕಟ್ಟಿಸಿದ ಶಿಲ್ಪಿ ಜೋಸೆಫ್ ಬಾಝಲ್‌ಗೆಟ್ ಎಂಬವನು. ನದಿಯು ಊರಿನ ಹೊಲಸಿನಿಂದ ನಾರಿ, 1858ರ ಬೇಸಿಗೆಯಲ್ಲಿ ಪಾರ್ಲಿಮೆಂಟಿನ ಸಭಾಸದರೇ ಮೂಗು ಮುಚ್ಚಿಕೊಳ್ಳಬೇಕಾದ ಪ್ರಸಂಗವು ಬಂದ ಮೇಲೆ ಲಂಡನ್ನಿನಲ್ಲಿ ದೊಡ್ಡ ಒಳಚರಂಡಿಗಳೂ ದಂಡೆಯ ಕಟ್ಟೆಗಳೂ ಎದ್ದವು. ಈ ಕಟ್ಟೆಯ ಮೇಲಿನ ಸಣ್ಣ ತೋಟದಲ್ಲಿ ಬಸವಣ್ಣನವರ ಕಂಚಿನ ಪ್ರತಿಮೆಯಿರುವದು. ಅದನ್ನು 2015ನೆಯ ನವೆಂಬರ 14ರಂದು ಭಾರತದ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಲ್ಯಾಂಬೆತ್ತಿನ ಮೇಯರರಾಗಿದ್ದ ಕನ್ನಡಿಗ ನೀರಜ್ ಪಾಟೀಲರು ಈ ಕಾರ್ಯಕ್ಕೆ ಮುಂದಾಗಿ ನಿಂತವರು.

ಬಾಗೇವಾಡಿಯಲ್ಲಿ ಹುಟ್ಟಿ, ಕಲ್ಯಾಣದಲ್ಲಿ ದುಡಿದು, ಕೃಷ್ಣಾ-ಮಲಪ್ರಭೆಗಳು ಕೂಡುವ ಸಂಗಮದಲ್ಲಿ ಐಕ್ಯರಾದ ಮಹಾಪುರುಷರ ಮೂರ್ತಿಯು ಪರದೇಶದ ಹೊಳೆಯ ದಂಡೆಯಲ್ಲಿ ನಿಂತಿರುವದನ್ನು ಕಂಡಾಗ ಬೀಳಗಿಯವನಿಗಾಗಲಿ ಬನಹಟ್ಟಿಯವನಿಗಾಗಲಿ ಮನಸ್ಸು ತುಂಬಿ ಬರುವದರಲ್ಲಿ ಆಶ್ಚರ್ಯವಿಲ್ಲ. ಥೇಮ್ಸ್ ನದಿಯು ಇಲ್ಲಿ ಸಮುದ್ರದ ಭರತಿ-ಇಳಿತಗಳಿಗೆ ಒಳಗಾದದ್ದು. ನೀರು ಇಳಿದಾಗ ದಂಡೆಯ ಕೆಸರೂ ಹರಳುಗಳೂ ತೆರೆದು ಕಾಣುವವು. ಬೇಸಿಗೆಯಲ್ಲಿ ಕೃಷ್ಣೆಯ ಉಸುಕನ್ನು ನೋಡಿ ಬೆಳೆದವನಿಗೆ ಆ ನೋಟವು ತೀರ ಅಪರಿಚಿತವೆನಿಸದು. ಹಾದಿಯಲ್ಲಿ ಎದುರಾಗುವ ಈ ಮೊದಲನೆಯ ಗುರುತಿನ ಒಂದು ವಿಶೇಷವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗಬೇಕು: ಇದು ಆಳುವವರು ಒಯ್ದು ಇಟ್ಟ ವಸ್ತುವಲ್ಲ, ಕನ್ನಡಿಗರು ತಾವಾಗಿ ಮುಂದೆ ಬಂದು ನಿಲ್ಲಿಸಿದ್ದು.

ಅಲ್ಲಿಂದ ನದಿಯ ಗುಂಟ ಉತ್ತರಕ್ಕೆ ಹೋಗುವಾಗ ಮೊದಲು ಲ್ಯಾಂಬೆತ್ ಸೇತುವೆಯೂ ಮುಂದೆ ವೆಸ್ಟ್‌ಮಿನ್ಸ್‌ಟರ್ ಸೇತುವೆಯೂ ಸಿಕ್ಕುತ್ತವೆ. ಮೊದಲನೆಯದರ ಬಣ್ಣ ಕೆಂಪು, ಎರಡನೆಯದರದು ಹಸಿರು. ಪಾರ್ಲಿಮೆಂಟಿನಲ್ಲಿ ಪ್ರಭುಗಳ ಸಭೆಯ ಆಸನಗಳು ಕೆಂಪು, ಸಾಮಾನ್ಯರ ಸಭೆಯ ಆಸನಗಳು ಹಸಿರು. ಆಯಾ ಸಭೆಯ ಕಡೆಗಿರುವ ಸೇತುವೆಗೆ ಆಯಾ ಬಣ್ಣ. ನಡುವೆ ಆಚೆಯ ದಂಡೆಯಲ್ಲಿ ಪಾರ್ಲಿಮೆಂಟಿನ ಭವ್ಯ ಮಂದಿರವು ನೀರಿನ ಅಂಚಿನವರೆಗೆ ಚಾಚಿಕೊಂಡಿದೆ. ಹಳೆಯ ಕಟ್ಟಡವು 1834ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಚಾರ್ಲ್ಸ್ ಬ್ಯಾರಿ ಎಂಬ ಶಿಲ್ಪಿಯು ಈಗಿನದನ್ನು ರಚಿಸಿದನು. ಅದರ ಗೋಪುರದ ಗಡಿಯಾರವು 1859ರಲ್ಲಿ ನಡೆಯತೊಡಗಿತು.

ಕಲ್ಯಾಣದ ಅನುಭವ ಮಂಟಪವನ್ನೂ ಈ ಪಾರ್ಲಿಮೆಂಟನ್ನೂ ಹೋಲಿಸಿ ಮಾತನಾಡುವ ರೂಢಿಯು ಈಚೆಗೆ ಬೆಳೆದಿದೆ. ಹೋಲಿಕೆಯಲ್ಲಿ ಉತ್ಸಾಹವಿರುವಷ್ಟು ಎಚ್ಚರವೂ ಇರಬೇಕಾದದ್ದು ಅವಶ್ಯ. ಪ್ರಭುಗಳೂ ಪಟ್ಟಣಗಳ ಪ್ರತಿನಿಧಿಗಳೂ ಕೂಡಿದ 1265ರ ಸಭೆಯಿಂದ ಮೊದಲ್ಗೊಂಡು ಶತಮಾನಗಳವರೆಗೆ ಇಂಗ್ಲಂಡದಲ್ಲಿ ವಾದವು ಮುಖ್ಯವಾಗಿ ರಾಜನ ಅಧಿಕಾರ, ಕರ, ಕಾಯಿದೆಗಳ ಸುತ್ತಲೂ ನಡೆಯಿತು. ಹನ್ನೆರಡನೆಯ ಶತಮಾನದ ಶರಣರ ಕೂಟದಲ್ಲಿ ಅಂಬಿಗ, ಮಡಿವಾಳ ಮೊದಲಾದ ಕಾಯಕದವರು ತಮ್ಮ ಅನುಭವವನ್ನು ತಮ್ಮ ಮಾತಿನಲ್ಲಿಯೇ ಆಡಿದರು. ಒಂದು ರಾಜ್ಯದ ವ್ಯವಸ್ಥೆ, ಇನ್ನೊಂದು ಬಾಳಿನ ವ್ಯವಸ್ಥೆ. ಜೇಡರ ದಾಸಿಮಯ್ಯನನ್ನು ಪೂಜಿಸುವ ರಬಕವಿ-ಬನಹಟ್ಟಿಗಳ ನೇಕಾರ ಮನೆತನಗಳಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಷರ ಬಾರದವನ ಮಾತಿಗೂ ಬೆಲೆಯುಂಟೆಂಬದು ಶರಣರಿಂದ ಬಂದ ಪಾಠ. ಈ ಹಾದಿಯ ಕೊನೆಯಲ್ಲಿ ಅದರ ಉಪಯೋಗವು ಬೀಳುವದು.

ಸೇತುವೆಯನ್ನು ದಾಟಿದರೆ ಪಾರ್ಲಿಮೆಂಟಿನ ಎದುರಿನ ಚೌಕ. ಅಲ್ಲಿ 2015ರ ಮಾರ್ಚ 14ರಂದು ಮಹಾತ್ಮಾ ಗಾಂಧಿಯವರ ಪ್ರತಿಮೆಯನ್ನು ನಿಲ್ಲಿಸಿದರು. ಚೌಕದಿಂದ ಉತ್ತರಕ್ಕೆ ಹೊರಡುವ ಅಗಲವಾದ ಬೀದಿಯಲ್ಲಿ ಸರಕಾರದ ಕಚೇರಿಗಳು ಸಾಲಾಗಿ ನಿಂತಿವೆ. ಎಡಕ್ಕೆ ಕಿಂಗ್ ಚಾರ್ಲ್ಸ್ ಸ್ಟ್ರೀಟ್ ಎಂಬ ಓಣಿಯೊಳಗೆ ಹೊಕ್ಕರೆ, ಈಗ ಪರರಾಷ್ಟ್ರ ಖಾತೆಯು ನಡೆಯುತ್ತಿರುವ ದೊಡ್ಡ ಕಟ್ಟಡದ ಒಂದು ಭಾಗವು 1867ರಿಂದ 1947ರ ವರೆಗೆ ಇಂಡಿಯಾ ಆಫೀಸು ಆಗಿತ್ತು. ಹಿಂದುಸ್ತಾನದ ಆಡಳಿತದ ಮೇಲ್ವಿಚಾರಣೆಯು ಇಲ್ಲಿಂದ ನಡೆಯುತ್ತಿತ್ತು. ಓಣಿಯ ಕೊನೆಯ ಮೆಟ್ಟಿಲುಗಳ ಬಳಿ ರಾಬರ್ಟ್ ಕ್ಲೈವನ ಪ್ರತಿಮೆಯು ಉದ್ಯಾನದ ಕಡೆಗೆ ಮುಖ ಮಾಡಿ ನಿಂತಿದೆ.

ಹುಕುಮು ಹೊರಟ ಸ್ಥಳವು ಇದೇ ಎಂದು ಪ್ರವಾಸಿಯು ಭಾವಿಸುವದು ಸಹಜ. ಆದರೆ ಇತಿಹಾಸವು ಅಷ್ಟು ಸರಳವಾಗಿಲ್ಲ. ಮೊದಲನೆಯದಾಗಿ, 1857ರಲ್ಲಿ ಈ ಕಟ್ಟಡವೇ ಇರಲಿಲ್ಲ. ಆಗ ಆಳುತ್ತಿದ್ದದ್ದು ಈಸ್ಟ್ ಇಂಡಿಯಾ ಕಂಪನಿ. ಅದರ ಮನೆಯು ಪೂರ್ವಕ್ಕಿದ್ದ ವ್ಯಾಪಾರಪೇಟೆಯ ಲೆಡನ್‌ಹಾಲ್ ಬೀದಿಯಲ್ಲಿತ್ತು. ಕಂಪನಿಯ ಆಡಳಿತವು 1858ರಲ್ಲಿ ಕೊನೆಗಂಡ ಕೆಲವು ವರ್ಷಗಳಲ್ಲಿ ಆ ಮನೆಯನ್ನು ಕೆಡವಿದರು. ಎರಡನೆಯದಾಗಿ, ಹತ್ಯಾರುಗಳ ಕಾಯಿದೆಯು ತಯಾರಾದದ್ದು ಲಂಡನ್ನಿನಲ್ಲಿ ಅಲ್ಲ, ಕಲಕತ್ತೆಯಲ್ಲಿ. ಉತ್ತರ ಹಿಂದುಸ್ತಾನದಲ್ಲಿ ಸಿಪಾಯಿಗಳ ದಂಗೆಯೆದ್ದ ಭಯದಿಂದ ಅಲ್ಲಿಯ ಸರಕಾರವು ಜನರು ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು ಕಟ್ಟು ಮಾಡಿತು.

ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯಲ್ಲಿ ಆ ಕಟ್ಟು ಬೇಡರನ್ನು ಮುಟ್ಟಿತು. ಬೇಟೆಯೂ ಕಾವಲೂ ಯುದ್ಧವೂ ಕುಲದ ವೃತ್ತಿಯಾಗಿದ್ದ ಅವರಿಗೆ ಹತ್ಯಾರು ಮನೆಯ ಒಂದು ಸಾಮಾನು ಮಾತ್ರವಾಗಿರಲಿಲ್ಲ. ಅದು ಅನ್ನವೂ ಮಾನವೂ ಆಗಿತ್ತು. ಜಡಗ, ಬಾಲ, ಹನುಮ, ರಾಮ ಎಂಬವರ ಮುಂದಾಳುತನದಲ್ಲಿ ಅವರು ಹತ್ಯಾರು ಕೊಡಲೊಲ್ಲೆವೆಂದರು. 1857ರ ನವೆಂಬರ ಕೊನೆಯಲ್ಲಿ ಮಾಲ್ಕಮ್ ಎಂಬ ಅಧಿಕಾರಿಯ ಕೈಕೆಳಗಿನ ದಂಡು ಹಲಗಲಿಯನ್ನು ಮುತ್ತಿತು. ಊರಿಗೆ ಬೆಂಕಿ ಬಿದ್ದಿತು. ಅನೇಕರು ಸತ್ತರು, ನೂರಾರು ಜನರು ಸೆರೆ ಸಿಕ್ಕರು. ಡಿಸೆಂಬರ 11ರಂದು ಮುಧೋಳದಲ್ಲಿಯೂ 14ರಂದು ಹಲಗಲಿಯಲ್ಲಿಯೂ ಸೆರೆಯಾಳುಗಳಲ್ಲಿ ಕೆಲವರನ್ನು ಗಲ್ಲಿಗೇರಿಸಿದರು.

ಮುತ್ತಿಗೆಗೂ ಗಲ್ಲಿಗೂ ನಡುವೆ ಕಳೆದದ್ದು ಬರಿಯ ಎರಡು ವಾರ. ಆಗ ಲಂಡನ್ನಿಗೂ ಮುಂಬಯಿಗೂ ನಡುವೆ ಅಖಂಡವಾದ ತಂತಿಯಿರಲಿಲ್ಲ. ಸುವೇಜ ಕಾಲುವೆಯನ್ನು ಇನ್ನೂ ಅಗೆದಿರಲಿಲ್ಲ. ಟಪಾಲು ಹಡಗಿನಲ್ಲಿ ಹೋಗಿ, ಈಜಿಪ್ತದ ನೆಲವನ್ನು ದಾಟಿ, ಮತ್ತೆ ಹಡಗನ್ನೇರಬೇಕಾಗಿತ್ತು. ಅಂದಮೇಲೆ, ಹಲಗಲಿಯು ಸುಟ್ಟ ವರ್ತಮಾನವು ಲಂಡನ್ನಿಗೆ ಮುಟ್ಟುವ ಮೊದಲೇ ಹಗ್ಗವು ತನ್ನ ಕೆಲಸವನ್ನು ಮುಗಿಸಿತ್ತೆಂಬದು ನಿಶ್ಚಯ. ವಿಲಾಯತಿಯ ಹುಕುಮು ಹಲಗಲಿಗೆ ಬರಲಿಲ್ಲ. ಹಲಗಲಿಯ ಸುದ್ದಿಯೇ ವಿಲಾಯತಿಗೆ ಹೋಯಿತು.

ಹಾಗಾದರೆ ಲಾವಣಿಕಾರನು ತಪ್ಪಿದನೇ? ಕಾಗದದ ಲೆಕ್ಕದಲ್ಲಿ ತಪ್ಪಿದನು. ಅಧಿಕಾರದ ಲೆಕ್ಕದಲ್ಲಿ ತಪ್ಪಲಿಲ್ಲ. ಕಲಕತ್ತೆಯ ಕಾಯಿದೆಗೂ ದಂಡಿನ ತೋಪಿಗೂ ಬಲವು ಬಂದದ್ದು ಥೇಮ್ಸ್ ದಂಡೆಯಿಂದಲೇ. ಸಾವಿರಾರು ಮೈಲಿಗಳ ಆಚೆ ಕುಳಿತವರನ್ನು ಕೇಳುವ ಗೊಡವೆಯೂ ಇಲ್ಲದೆ ಒಂದು ಹಳ್ಳಿಯನ್ನು ಸುಡಬಲ್ಲಷ್ಟು ಅಧಿಕಾರವನ್ನು ಕೈಕೆಳಗಿನವರಿಗೆ ಕೊಟ್ಟಿದ್ದ ಆಳಿಕೆಯು ಯಾರದೆಂಬದನ್ನು ಹಾಡುಗಾರನು ಸರಿಯಾಗಿಯೇ ಗುರುತಿಸಿದ್ದನು.

ಮುಖ್ಯ ಬೀದಿಗೆ ಮರಳಿದರೆ ಅದಕ್ಕೆ ವೈಟ್‌ಹಾಲ್ ಎಂದು ಹೆಸರು. ಬಲಕ್ಕೆ ಬ್ಯಾಂಕ್ವೆಟಿಂಗ್ ಹೌಸ್ ಎಂಬ ಮಂದಿರವು ಕಾಣುವದು. ಅದರ ಮುಂದೆ 1649ರಲ್ಲಿ ಇಂಗ್ಲಿಷರು ತಮ್ಮ ರಾಜನಾದ ಒಂದನೆಯ ಚಾರ್ಲ್ಸನ ಶಿರಚ್ಛೇದ ಮಾಡಿದರು. ಪ್ರಜೆಗಳ ಹಕ್ಕಿಗಾಗಿ ರಾಜನನ್ನೇ ವಿಚಾರಣೆಗೆ ನಿಲ್ಲಿಸಿದ ಜನಾಂಗವು, ಇನ್ನೂರು ವರ್ಷಗಳ ತರುವಾಯ ಬೇರೊಂದು ನೆಲದ ಪ್ರಜೆಗಳು ತಮ್ಮ ಹಕ್ಕನ್ನು ಹೇಳಿಕೊಂಡಾಗ ಅದನ್ನು ದಂಗೆಯೆಂದು ಕರೆಯಿತು.

ಈ ಬೀದಿಯ ಹತ್ತಿರವೇ ಫೈಫ್ ಹೌಸ್ ಎಂಬ ಮನೆಯಿತ್ತು. 1861ರಿಂದ 1869ರ ವರೆಗೆ ಅದರಲ್ಲಿ ಇಂಡಿಯಾ ಮ್ಯೂಝಿಯಮ್ ಇತ್ತು. ಅದರ ಅಧಿಕಾರಿಯಾಗಿದ್ದ ಫೋರ್ಬ್ಸ್ ವಾಟ್ಸನ್ನನು 1866ರಲ್ಲಿ ಹಿಂದುಸ್ತಾನದ ಬಟ್ಟೆಗಳ ಮಾದರಿಗಳನ್ನು ಕತ್ತರಿಸಿ ಅಂಟಿಸಿ 18 ಸಂಪುಟಗಳ ಸಂಗ್ರಹವನ್ನು ಹೊರಡಿಸಿದನು. ಅದರಲ್ಲಿ 700 ಮಾದರಿಗಳಿದ್ದವು. ಇಂಥ 20 ಪ್ರತಿಗಳಾದವು. ಅವುಗಳಲ್ಲಿ 13 ಬ್ರಿಟನ್ನಿನಲ್ಲಿ ಉಳಿದವು, 7 ಹಿಂದುಸ್ತಾನಕ್ಕೆ ಬಂದವು. ಇಲ್ಲಿಯ ಜನರು ಏನನ್ನು ಉಡುತ್ತಾರೆ, ಯಾವ ಅಂಚು, ಯಾವ ಬಣ್ಣ, ಎಷ್ಟು ಉದ್ದ, ಎಷ್ಟು ಅಗಲ ಎಂಬದನ್ನು ಅಲ್ಲಿಯ ಗಿರಣಿಗಳ ಒಡೆಯರು ಕೈಯಿಂದ ಮುಟ್ಟಿ ತಿಳಿದು, ಅಂಥದೇ ಅರಿವೆಯನ್ನು ನೆಯ್ದು ಇಲ್ಲಿಗೆ ಮಾರುವದಕ್ಕೆ ಕಳುಹಿಸಲೆಂಬದು ಅದರ ಉದ್ದೇಶಗಳಲ್ಲಿ ಮುಖ್ಯವಾದದ್ದು. ಗಿರಣಿಯ ಅರಿವೆಯ ಪೈಪೋಟಿಯೆಂದರೇನೆಂಬದು ಕೈಮಗ್ಗದ ಊರುಗಳಿಗೆ ಗೊತ್ತು. ಹಲಗಲಿಯಲ್ಲಿ ಹತ್ಯಾರು ಕಸಿಯುವದಕ್ಕೆ ದಂಡು ಬೇಕಾಯಿತು. ಮಗ್ಗದ ಗಿರಾಕಿಯನ್ನು ಕಸಿಯುವದಕ್ಕೆ ಒಂದು ಮಾದರಿಯ ಪುಸ್ತಕವು ನೆರವಾಯಿತು.

ವೈಟ್‌ಹಾಲ್ ಬೀದಿಯು ಟ್ರಫಾಲ್ಗರ್ ಚೌಕದಲ್ಲಿ ಮುಗಿಯುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ಕಡೆಗೆ ಹೋಗುವ ಮಾಲ್ ಎಂಬ ಹಾದಿಯುಂಟು. ಮುಧೋಳದ ಘೋರ್ಪಡೆ ಮನೆತನದ ಮಾಲೋಜಿರಾಯರು ತಮ್ಮ ಸಂಸ್ಥಾನದ ಬೇಟೆನಾಯಿಗಳನ್ನು ಐದನೆಯ ಜಾರ್ಜ ಬಾದಶಹನಿಗೆ ಕಾಣಿಕೆಯಾಗಿ ಕೊಟ್ಟರೆಂದೂ ಅಂದಿನಿಂದ ಆ ತಳಿಗೆ ಮುಧೋಳದ ಹೆಸರು ಅಂಟಿತೆಂದೂ ಆ ಭಾಗದಲ್ಲಿ ಹೇಳುತ್ತ ಬಂದಿದ್ದಾರೆ. 2005ರಲ್ಲಿ ಭಾರತದ ಅಂಚೆ ಖಾತೆಯು ಆ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನೂ ಹೊರಡಿಸಿತು. ಒಂದೇ ಸಂಸ್ಥಾನದ ಎರಡು ನೆನಪುಗಳಿವು: ಅರಮನೆಗೆ ಹೋದ ನಾಯಿಯ ಕಥೆಯನ್ನು ಹೇಳುವವರು ಬಹಳ, ಬೇಟೆಯಾಡುತ್ತಿದ್ದ ಬೇಡರ ಕಥೆಯನ್ನು ಬಲ್ಲವರು ಅಷ್ಟಿಲ್ಲ.

ಚೌಕದ ಒಂದು ಬದಿಗೆ ಹೆನ್ರಿ ಹ್ಯಾವ್‌ಲಾಕ್ ಎಂಬ ಸೇನಾಪತಿಯ ಪ್ರತಿಮೆಯಿದೆ. 1857ರಲ್ಲಿ ಕಾನಪುರ, ಲಖನೌಗಳ ಕಡೆ ಕಾದಿ ಅದೇ ವರ್ಷ ತೀರಿಕೊಂಡವನಿವನು. ಅವನ ಪ್ರತಿಮೆಯು 1861ರಲ್ಲಿಯೇ ಎದ್ದಿತು. ಸೈನಿಕರ ಶ್ರಮ ಸಾಹಸಗಳನ್ನು ಕೃತಜ್ಞವಾದ ದೇಶವು ಮರೆಯದೆಂಬ ಅರ್ಥದ ಮಾತನ್ನು ಅದರ ಪೀಠದ ಮೇಲೆ ಕೆತ್ತಿದ್ದಾರೆ. ಗೆದ್ದವರು ತಮ್ಮವರನ್ನು ನೆನೆದುಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ವರ್ಷದ ನವೆಂಬರಿನಲ್ಲಿ ಹ್ಯಾವ್‌ಲಾಕನು ಸತ್ತ ಕೆಲವೇ ದಿನಗಳಿಗೆ ಹಲಗಲಿಯಲ್ಲಿ ಸತ್ತವರನ್ನು ನೆನೆಯುವದಕ್ಕೆ ಕಲ್ಲೂ ಕಂಚೂ ಒದಗಲಿಲ್ಲ. ಅವರಿಗೆ ಒದಗಿದ್ದು ಹಾಡೊಂದೇ.

ಟ್ರಫಾಲ್ಗರ್ ಚೌಕದಿಂದ ಉತ್ತರಕ್ಕೆ ಪುಸ್ತಕದಂಗಡಿಗಳ ಬೀದಿಯನ್ನು ಹಾದು ಹೋದರೆ ಬ್ರಿಟಿಷ್ ಮ್ಯೂಝಿಯಮ್ಮು ಸಿಕ್ಕುತ್ತದೆ. ಅದನ್ನು ನೋಡುವದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ವೇಳೆಯನ್ನು ಧಾರಾಳವಾಗಿ ಕೊಡಬೇಕು. ಒಂದೇ ದಿನದ ಪ್ರವಾಸಿಯು ಅದರ ಕಂಬಗಳ ಮುಂದೆ ನಿಂತು ಮುಂದಕ್ಕೆ ಸಾಗುವದೇ ಲೇಸು. ಸ್ವಲ್ಪ ದೂರದಲ್ಲಿ ಗೋವರ್ ಬೀದಿಯಲ್ಲಿ ಯೂನಿವರ್ಸಿಟಿ ಕಾಲೇಜು ಇದೆ. ಇಲ್ಲಿ ಗೋಲ್ಡ್‌ಸ್ಟೂಕರ್ ಎಂಬ ಪಂಡಿತನ ಬಳಿ ಒಬ್ಬ ತರುಣನು ಸಂಸ್ಕೃತವನ್ನು ಕಲಿತನು. ಆ ತರುಣನೇ ಜಾನ್ ಫೇಯ್ತ್‌ಫುಲ್ ಫ್ಲೀಟ್.

1847ರಲ್ಲಿ ಹುಟ್ಟಿದ ಫ್ಲೀಟನು 1867ರಲ್ಲಿ, ಹಲಗಲಿಯ ಘಟನೆಯ ಹತ್ತು ವರ್ಷಗಳ ನಂತರ, ಮುಂಬಯಿ ಇಲಾಖೆಯ ಅಧಿಕಾರಿಯಾಗಿ ಬಂದನು. ಸರಕಾರದ ಕೆಲಸಕ್ಕಾಗಿ ಕನ್ನಡ ಜಿಲ್ಲೆಗಳಲ್ಲಿ ತಿರುಗುತ್ತ ಕನ್ನಡವನ್ನು ಕಲಿತು, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಾಸನಗಳನ್ನು ಓದಿ ಪ್ರಕಟಿಸಿದನು. ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ 1882ರಲ್ಲಿ ಅವನು ಬರೆದ ಗ್ರಂಥವು ಮುಂದೆ ಕರ್ನಾಟಕದ ಇತಿಹಾಸವನ್ನು ಬರೆಯಹೊರಟವರಿಗೆ ಆಧಾರವಾಯಿತು. 1883ರಲ್ಲಿ ಅವನನ್ನು ಸರಕಾರದ ಶಾಸನತಜ್ಞನನ್ನಾಗಿ ನೇಮಿಸಿದರು. ಇಷ್ಟಲ್ಲದೆ ಅವನು ಇನ್ನೊಂದು ಕೆಲಸವನ್ನೂ ಮಾಡಿದನು: ಹಳ್ಳಿಯ ಹಾಡುಗಾರರು ಹಾಡುತ್ತಿದ್ದ ಲಾವಣಿಗಳನ್ನು ಬರೆಯಿಸಿಕೊಂಡು, 1885ರಿಂದ ಮುಂದಿನ ವರ್ಷಗಳಲ್ಲಿ ಇಂಡಿಯನ್ ಆಂಟಿಕ್ವೆರಿ ಎಂಬ ಪತ್ರಿಕೆಯಲ್ಲಿ ಇಂಗ್ಲಿಷ ಅನುವಾದದೊಡನೆ ಅಚ್ಚು ಹಾಕಿಸಿದನು. ಸಂಗೊಳ್ಳಿ ರಾಯಣ್ಣನ ಹಾಡೂ ಹಲಗಲಿಯ ಬೇಡರ ಹಾಡೂ ಹೀಗೆ ಕಾಗದಕ್ಕೆ ಇಳಿದವು. ಯಾವ ಸರಕಾರವು ಊರನ್ನು ಸುಟ್ಟಿತೋ ಆ ಸರಕಾರದ ನೌಕರನೊಬ್ಬನು, ಆ ಸರಕಾರವನ್ನು ದೂರುವ ಹಾಡನ್ನು ಅಕ್ಷರಕ್ಕಿಳಿಸಿದನೆಂಬದನ್ನು ಒಪ್ಪಿಕೊಳ್ಳುವದು ನ್ಯಾಯ. ಉಪಕಾರವನ್ನು ಮರೆಯಲಾಗದು; ಆದರೆ ಹಾಡನ್ನು ಕಟ್ಟಿದವರೂ ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಬಾಯಿಂದ ಬಾಯಿಗೆ ಸಾಗಿಸಿದವರೂ ಈ ಸೀಮೆಯ ಜನರೆಂಬದನ್ನೂ ಮರೆಯಬಾರದು.

ಹಾದಿಯ ಕೊನೆಯ ನಿಲುಗಡೆಯು ಯೂಸ್ಟನ್ ರಸ್ತೆಯ ಬ್ರಿಟಿಷ್ ಲೈಬ್ರರಿ. ಕೆಂಪು ಇಟ್ಟಿಗೆಯ ಈ ವಿಶಾಲ ಮಂದಿರವನ್ನು 1998ರಲ್ಲಿ ರಾಣಿಯು ವಿಧಿಪೂರ್ವಕವಾಗಿ ತೆರೆದಳು. ಅಂಗಳದಲ್ಲಿ ಕೈವಾರ ಹಿಡಿದು ಬಾಗಿ ಕುಳಿತ ನ್ಯೂಟನ್ನನ ದೊಡ್ಡ ಮೂರ್ತಿಯಿದೆ. ಕಂಪನಿಯ ಮತ್ತು ಇಂಡಿಯಾ ಆಫೀಸಿನ ದಫ್ತರವು 1982ರಲ್ಲಿ ಈ ಸಂಸ್ಥೆಯ ವಶಕ್ಕೆ ಬಂದಿತು. ಆ ದಫ್ತರದ ಕಪಾಟಿನ ಹಲಗೆಗಳನ್ನು ಒಂದರ ಮುಂದೊಂದು ಇಟ್ಟರೆ ಸುಮಾರು 14 ಕಿಲೋಮೀಟರು ಆಗುವದು. ಪ್ರವಾಸಿಯು ದಿನವಿಡೀ ನಡೆದ ಹಾದಿಗಿಂತ ಎರಡು ಪಟ್ಟಿಗೂ ಮಿಕ್ಕಿ ಉದ್ದ! ಓದುಗರ ಚೀಟಿಯನ್ನು ಮಾಡಿಸಿಕೊಂಡು, ಬೇಕಾದ ಕಾಗದವನ್ನು ಮೊದಲೇ ಕೇಳಿಕೊಂಡರೆ ಯಾವ ದೇಶದವನಾದರೂ ಅಲ್ಲಿ ಕುಳಿತು ಓದಬಹುದು.

ಈ ದಫ್ತರದಲ್ಲಿ ಒಂದು ವಿಚಿತ್ರವುಂಟು. ಆ ಕಾಲದಲ್ಲಿ ಮುಧೋಳವು ಘೋರ್ಪಡೆಯವರದು, ಜಮಖಂಡಿ ಮತ್ತು ಬನಹಟ್ಟಿಗಳು ಜಮಖಂಡಿಯ ಪಟವರ್ಧನರವು, ನೆರೆಯ ರಬಕವಿಯು ಸಾಂಗಲಿ ಸಂಸ್ಥಾನದ್ದು, ಬೀಳಗಿಯು ನೇರವಾಗಿ ಇಂಗ್ಲಿಷರ ಜಿಲ್ಲೆಯಲ್ಲಿದ್ದದ್ದು. ಒಂದು ಹಗಲಿನಲ್ಲಿ ಸುತ್ತಿ ಬರಬಹುದಾದ ಊರುಗಳ ನಡುವೆ ರಾಜ್ಯದ ಗಡಿಗಳಿದ್ದವು. ಆದರೆ ಮುಂಬಯಿ ಸರಕಾರವು ತನ್ನ ಕಾರಭಾರದ ನಕಲುಗಳನ್ನು ತಪ್ಪದೆ ಲಂಡನ್ನಿಗೆ ಕಳುಹಿಸುತ್ತಿದ್ದದ್ದರಿಂದ, ಮನೆಯಲ್ಲಿ ಬೇರೆ ಬೇರೆಯಾಗಿದ್ದ ಈ ಊರುಗಳ ಸುದ್ದಿಗಳು ಪರದೇಶದಲ್ಲಿ ಒಂದೇ ಸೂರಿನ ಕೆಳಗೆ ಕೂಡಿಕೊಂಡವು.

ಸರಕಾರದ ಕಾಗದವನ್ನೂ ಲಾವಣಿಯನ್ನೂ ಎದುರುಬದುರಾಗಿ ಇಟ್ಟು ನೋಡಿದಾಗಲೇ ಹಲಗಲಿಯು ಪೂರ್ತಿಯಾಗಿ ಕಾಣುವದು. ಸರಕಾರದ ಬರಹಕ್ಕೆ ತಾರೀಖು ಬೇಕು, ದಂಡಿನ ಚಲನೆ ಬೇಕು, ಸತ್ತವರ ಮತ್ತು ಸೆರೆ ಸಿಕ್ಕವರ ಸಂಖ್ಯೆ ಬೇಕು. ಲಾವಣಿಯು ಅದನ್ನು ಬಿಟ್ಟು ಮನೆಯೊಳಗೆ ಹೋಗುತ್ತದೆ; ಲೂಟಿಯಾದದ್ದೇನೆಂದು ಎಣಿಸುತ್ತದೆ. ಮೊಸರು, ಬೆಣ್ಣೆ, ಉಪ್ಪು, ಅರಿಷಿಣ, ಜೀರಿಗೆಗಳಿಂದ ಹಿಡಿದು ಬೀಸುವ ಕಲ್ಲಿನವರೆಗೆ, ಹೆಣ್ಣುಮಗಳ ಕೊರಳಿನ ಮಂಗಳಸೂತ್ರದವರೆಗೆ ಆ ಎಣಿಕೆಯು ಬರುತ್ತದೆ. ಬೀಸುವ ಕಲ್ಲನ್ನು ಹೊತ್ತೊಯ್ದ ಮನೆಯಲ್ಲಿ ಮರುದಿನದ ರೊಟ್ಟಿಯಿಲ್ಲವೆಂಬದು ಯಾವ ಅಧಿಕಾರಿಯ ಲೆಕ್ಕದಲ್ಲಿಯೂ ಬರತಕ್ಕ ಮಾತಲ್ಲ. ಹಾಡಿಲ್ಲದಿದ್ದರೆ ಹಲಗಲಿಯು ಒಂದು ಸಂಖ್ಯೆಯಾಗಿ ಉಳಿಯುತ್ತಿತ್ತು. ಕಾಗದವಿಲ್ಲದಿದ್ದರೆ ಅದಕ್ಕೆ ತಾರೀಖು ಸಿಕ್ಕುತ್ತಿರಲಿಲ್ಲ. ಶರಣರು ಅಕ್ಷರ ಬಾರದವನ ಮಾತಿಗೆ ಕೊಟ್ಟ ಬೆಲೆಯನ್ನು ಇತಿಹಾಸವನ್ನು ಬರೆಯುವವರೂ ಕೊಡಬೇಕಾದದ್ದು ಈ ಕಾರಣದಿಂದಲೇ.

ಸಂಜೆಗೆ ಲೈಬ್ರರಿಯ ಅಂಗಳದಿಂದ ಹೊರಬೀಳುವ ಪ್ರವಾಸಿಯು ಮನೆಗೆ ತರಬೇಕಾದದ್ದು ಒಂದು ವಿಚಾರವನ್ನು. ವಿಲಾಯತಿಯವರು ತಮಗೆ ಬೇಕಾದದ್ದನ್ನು ಜೋಪಾನವಾಗಿ ಇಟ್ಟುಕೊಂಡರು. ಅವರು ಇಟ್ಟುಕೊಳ್ಳದೆ ಬಿಟ್ಟದ್ದು ಇಲ್ಲಿಯೇ, ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿಯೂ ಹಿರಿಯರ ನಾಲಗೆಯ ಮೇಲೂ ಉಳಿದಿದೆ. ಸಂಸ್ಥಾನಗಳ ಕಾಲದ ಸನದುಗಳು, ಅಂಗಡಿಯ ಖಾತೆವಹಿಗಳು, ನೇಕಾರರ ಅಂಚಿನ ನಮೂನೆಗಳು, ಗೌಡ-ಕುಲಕರ್ಣಿ ಮನೆತನಗಳ ಮೋಡಿಯ ಕಾಗದಗಳು, ಮದುವೆ-ಹಬ್ಬಗಳ ಹಾಡುಗಳು ಗೆದ್ದಲಿಗೂ ಮರೆವಿಗೂ ದಿನದಿನಕ್ಕೆ ತುತ್ತಾಗುತ್ತಿವೆ. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಅನೇಕ ಹಳ್ಳಿಗಳ ಹಳೆಯ ನೆಲೆಗಳು ಮುಳುಗಿದವು. ಆ ಊರುಗಳ ಓಣಿಗಳನ್ನೂ ಬಾವಿಗಳನ್ನೂ ಹೆಸರು ಹಿಡಿದು ಹೇಳಬಲ್ಲ ಮುದುಕರು ಇನ್ನೂ ಇದ್ದಾರೆ.

ಸುಶಿಕ್ಷಿತರ ಪ್ರತಿಯೊಂದು ಮನೆಯಲ್ಲಿಯೂ ಒಂದು ವಹಿಯನ್ನಿಟ್ಟು, ಹಿರಿಯರ ಬಾಯಿಂದ ಕೇಳಿದ್ದನ್ನು ಹೇಳಿದವರ ಹೆಸರು, ಊರು, ತಾರೀಖುಗಳೊಡನೆ ಬರೆದಿಡುವದು ಕಷ್ಟದ ಕೆಲಸವಲ್ಲ. ಫ್ಲೀಟನು ಕಚೇರಿಯ ಕೆಲಸದ ನಡುವೆ, ತನ್ನದಲ್ಲದ ಭಾಷೆಯಲ್ಲಿ ಅದನ್ನು ಮಾಡಿದನು. ಲಂಡನ್ನಿಗೆ ಹೋಗುವ ಮಗನೋ ಮಗಳೋ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರಿಗೆ ಕೈಮುಗಿದು, ಅಲ್ಲಿಂದ ಲೈಬ್ರರಿಯವರೆಗೆ ನಡೆದು, ಹಲಗಲಿಯ ಕಾಗದವನ್ನು ತೆಗೆಯಿಸಿ ಓದಿ ಬರಲಿ. ಅವರು ಮರಳಿ ಬರುವಷ್ಟರಲ್ಲಿ ಮನೆಯ ವಹಿಯಲ್ಲಿ ಅಜ್ಜಿಯ ಒಂದು ಹಾಡಾದರೂ ಏರಿರಲಿ.